ನೀಲಿ ಅಂಗಿಯ ಮೊಮ್ಮಗ

ಟಸ್ಕಂಬಿಯಾ, ಅಲಬಾಮಾ
ಭಾನುವಾರ, ಜನವರಿ ೯

ಮಗನೇ ರಾಯ್ಸ್,

ಚೆನ್ನಾಗಿದ್ದೀಯಾ? ಫುಟ್ಬಾಲ್ ಫೈನಲ್ ಮುಗಿದು ಆರು ದಿನವಾದ ಮೇಲೆ ಬರೆಯುತ್ತಿದ್ದೇನೆ, ಬೇಸರಿಸಬೇಡ. ಕಿರುಚಿ ಕಿರುಚಿ ಗಂಟಲು ಕಟ್ಟಿತ್ತು, ಫೋನು ಮಾಡಲಾಗಲಿಲ್ಲ. ಮಾಡಿದ್ದರೂ ಕೋಲ್ಬಿಯ ಹೆಸರೆತ್ತಿದ ಕೂಡಲೇ ಇಟ್ಟುಬಿಡುತ್ತೀಯ. ಪತ್ರದ ಬಾಯಿ ಮುಚ್ಚಿಸು ನೋಡೋಣ.

ನಿನ್ನ ಮಗ ಇಡೀ ದೇಶದ ಚಾಂಪಿಯನ್ ಕಣೋ!

ಮೂರು ತಲೆಮಾರಿನಿಂದ ಕೆಂಪಂಗಿಯ ಕಾಲೇಜಿಗೇ ಜೈ ಎಂದ ಮನೆ ನಮ್ಮದು, ನಿಜ. ನಿನ್ನ ಅಪ್ಪನ ಶವಪೆಟ್ಟಿಗೆಗೂ ಅದರ ಬಾವುಟವನ್ನೇ ಹೊದಿಸಿದೆವು. ಕೋಲ್ಬಿ ನಮ್ಮ ಬದ್ಧವೈರಿಗಳಾದ ನೀಲಿಯವರ ಕಾಲೇಜು ಸೇರಿದಾಗ ನನಗೂ ಹೊಟ್ಟೆ ಉರಿದಿತ್ತು. ಆದರೆ ಕೆಂಪಿನವರು ಅವನನ್ನು ತಂಡಕ್ಕೆ ಕರೆಯಲಿಲ್ಲ, ನೀಲಿಯವರು ಕರೆದರು. ಅಷ್ಟಕ್ಕೆ ಹೆತ್ತ ಮಗನ ಜೊತೆ ನಾಲ್ಕು ವರ್ಷ ಮಾತು ಬಿಡುವುದೇ? ನಾನಂತೂ ಕೆಂಪು ಕೋಟನ್ನು ಬೀರುವಿಗೆ ತುರುಕಿ, ನೀಲಿ ಸ್ವೆಟರ್ ತೊಟ್ಟು, ನ್ಯೂ ಆರ್ಲಿಯನ್ಸ್ ಬಸ್ಸು ಹತ್ತಿದೆ.

ಕ್ರೀಡಾಂಗಣದಲ್ಲಿ ನನ್ನ ಪಕ್ಕ ಕೂತ ದಡಿಯನೊಬ್ಬ ನನ್ನ ಕೆಂಪು ಕೈಚೀಲ ನೋಡಿ, "ಏನಜ್ಜಿ, ಪಕ್ಷ ಬದಲಾಯ್ಸೋವಾಗ ಚೀಲ ಮರೆತ್ರಾ?" ಎಂದ.

"ಅಲ್ಲಿ ಅರವತ್ತೆಂಟನೇ ನಂಬರು ಆಡ್ತಿದಾನಲ್ಲ, ನನ್ನ ಮೊಮ್ಮಗ. ಬಾಯ್ಮುಚ್ಕೊಂಡು ಕಡ್ಲೆಕಾಯಿ ತಿನ್ನಪ್ಪ" ಎಂದೆ. ಆಮೇಲೆ ತನ್ನ ಬೇಯಿಸಿದ ಕಡಲೆಕಾಯಿಯ ಪೊಟ್ಟಣವನ್ನೇ ನನ್ನ ಮಡಿಲಿಗೆ ಹಾಕಿದ!

ಹೌದು, ನೀನು ಆಡುತ್ತಿದ್ದಾಗಿನ ನಿನ್ನದೇ ನಂಬರು. ನಿನ್ನದೇ ಕೆಲಸ ಕೂಡ: ಚೆಂಡು ಮುಟ್ಟದೆ, ಚೆಂಡು ಹಿಡಿದವನಿಗೆ ದಾರಿ ಬಿಡಿಸುವುದು. ಕೊನೆಗೆ ಉಳಿದದ್ದು ಒಂಬತ್ತು ಸೆಕೆಂಡು, ಅವರ ಗೆರೆಗೆ ಒಂದು ಗಜ. ನಾವು ನಾಲ್ಕು ಅಂಕ ಹಿಂದೆ. ಎದುರಿಗೆ ಒಹಾಯೊ ತಂಡದ ಎಮ್ಮೆಯಂಥ ಹುಡುಗ. ನಮ್ಮ ಕೋಲ್ಬಿ ಸೊಂಟ ತಗ್ಗಿಸಿ, ಅವನ ಎದೆಯ ಕೆಳಗೆ ನುಗ್ಗಿ, ಎತ್ತಿ ಒಗೆದ. ಆ ಸಂದಿಯಲ್ಲೇ ಚೆಂಡಿನವನು ಗೆರೆ ದಾಟಿದ, ಆರು ಅಂಕ, ಗೆದ್ದೆವು! ಪೇಪರಿನಲ್ಲಿ ಅವನ ಫೋಟೋ ಬಂದಿದೆ. ಕೋಲ್ಬಿಯದು ಬೂಟು ಮಾತ್ರ. ಆದರೂ ಸೊಂಟ ತಗ್ಗಿಸುವುದನ್ನು ಹಿತ್ತಲಿನಲ್ಲಿ ಕಲಿಸಿದವರು ಯಾರು ಅಂತ ನನಗೆ ಗೊತ್ತಿಲ್ಲವೇ?

ಕಂಬಿಯ ಹತ್ತಿರ ಓಡಿ ಬಂದು ನನ್ನನ್ನು ತಬ್ಬಿಕೊಂಡವನ ಮೊದಲ ಮಾತು, "ಅಪ್ಪ ಟೀವೀಲಾದ್ರೂ ನೋಡಿದ್ರಾ ಅಜ್ಜಿ?"

"ನೋಡ್ದೇ ಇರ್ತಾನಾ!" ಎಂದೆ. ನಿನ್ನ ಹೆಂಡತಿಯನ್ನು ಕೇಳಿದರೆ, ನೀನು ಟೀವಿ ಹಾಕಲೂ ಬಿಡದೆ ಗ್ಯಾರೇಜಿನಲ್ಲಿ ದೋಣಿಯ ಎಂಜಿನ್ ಬಿಚ್ಚಿಕೊಂಡು ಕೂತಿದ್ದೆಯಂತೆ. ನಿನ್ನಿಂದಾಗಿ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಸುಳ್ಳು ಹೇಳಿದೆ.

ಬರುವ ಶನಿವಾರ ಕಾಲೇಜಿನ ಊರಲ್ಲಿ ಗೆದ್ದವರ ಮೆರವಣಿಗೆ. ನೀನು ಬರುತ್ತೀಯ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ದೇವರು ನಿನಗೆ ಆರೋಗ್ಯ ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ.

ನಿನ್ನ ಅಮ್ಮ,
ವರ್ಲೀನ್

ಮರೆತ ಮಾತು: ನಾನು ಕೂತದ್ದು ನಿನ್ನ ಜಾಗದಲ್ಲಿ. ಡಿಸೆಂಬರಿನಲ್ಲಿ ಕೋಲ್ಬಿ ಕಳಿಸಿದ ಲಕೋಟೆಯನ್ನು ನೀನು ಒಡೆಯದೆ ವಾಪಸು ಕಳಿಸಿದೆಯಲ್ಲ, ಟಿಕೆಟ್ ಅದರಲ್ಲಿತ್ತು. ಅವನು ಆ ಲಕೋಟೆಯನ್ನು ಹಾಗೇ ನನಗೆ ಕೊಟ್ಟ. ನಿನ್ನೆ ಲಕೋಟೆ ಎತ್ತಿಡಲು ಹೋದಾಗ ಒಳಗೊಂದು ಚೀಟಿಯೂ ಸಿಕ್ಕಿತು. ಇದ್ದದ್ದು ಇದ್ದಹಾಗೇ ಬರೆಯುತ್ತೇನೆ: "ಅಪ್ಪ, ಮೊಣಕಾಲು ಪೂರ್ತಿ ಹೋಗಿದೆ. ಇದೊಂದು ಆಟ ಆಡಬಹುದು, ಆಮೇಲೆ ಇನ್ಯಾವತ್ತೂ ಇಲ್ಲ ಅಂದ್ರು ಡಾಕ್ಟ್ರು. ನಾನು ಇಲ್ಲಿ ಆಡೋದನ್ನ ನೀವು ಒಂದ್ಸಲಾನೂ ನೋಡಿಲ್ಲ. ಬನ್ನಿ."