ನಡುಗುವ ಗೆರೆ

ಅಕ್ಟೋಬರ್ 28, ಬೆಳಿಗ್ಗೆ

ಮಸಿ ತೇಯ್ದಾಯಿತು. ತೇಯುವಾಗ ಕೈ ಸುಮ್ಮನಿರುತ್ತದೆ, ಕಳ್ಳ ಕೈ. ಕುಂಚ ಹಿಡಿದ ಕೂಡಲೇ ಶುರು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಮಾತ್ರೆ ನುಂಗಿಲ್ಲ. ಕೆಲಸದ ದಿನ ನುಂಗುವುದಿಲ್ಲ. ಡಾಕ್ಟರಿಗೆ ಇದು ಗೊತ್ತಿಲ್ಲ. ನನಗೆ ಕಾಯಿಲೆ ಇರುವುದು ಡಾಕ್ಟರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಎರಡು ಗೆರೆ ಎಳೆದೆ. ನಡುಗಿದವು. ಚೆನ್ನಾಗಿ ಬಂದಿವೆ. ಹೆದರಿಕೆ ಇರುವುದೇ ಅಲ್ಲಿ — ಚೆನ್ನಾಗಿ ಬಂದಿವೆ.

ಇಷ್ಟು ವರ್ಷ ಜನ ನನ್ನನ್ನು ಕೊಂಡಾಡಿದ್ದು ನೆಟ್ಟಗಿನ ಗೆರೆಗೆ. ಗೋಡೆಯುದ್ದದ ಹಾಂಜಿ ಕಾಗದ ನೆಲಕ್ಕೆ ಹಾಸಿ, ಪಕ್ಕದಲ್ಲಿ ನಡೆಯುತ್ತ, ಒಂದೇ ಉಸಿರಿನಲ್ಲಿ ಎಳೆದ ಒಂದೇ ಗೆರೆ. 'ಹೆಂಗಸರಿಗೆ ಆರ್ಕಿಡ್ ಎಲೆ ಬರೆಯೋದು ಸಾಕು' ಎನ್ನುತ್ತಿದ್ದ ಮುದುಕರ ಬಾಯಿ ಮುಚ್ಚಿಸಿದ್ದು ಆ ಗೆರೆ. ಮೂರು ವರ್ಷದಿಂದ ಅದು ನಡುಗುತ್ತಿದೆ. ಜನ ಇನ್ನೂ ಜೋರಾಗಿ ಕೊಂಡಾಡುತ್ತಿದ್ದಾರೆ. ಹಳೆಯ ಗುರುಗಳಲ್ಲಿ 'ನಡುಗು ಕುಂಚ' ಎಂದು ಒಂದು ವರಸೆಯೇ ಇತ್ತಲ್ಲ, ಬೇಕೆಂದೇ ನಡುಗಿಸಿ ಎಳೆಯುವುದು. ಪ್ಯೋ ಓಕ್-ರಾನ್, ಅಂದರೆ ನಾನು, ಅದಕ್ಕೆ ಮತ್ತೆ ಜೀವ ಕೊಟ್ಟೆನಂತೆ. ಸೋಲ್ ಮ್ಯೂಸಿಯಮ್ಮಿನ ಕ್ಯುರೇಟರ್ ಸೊಕ್ ಹಾಗೆಂದು ಬರೆದ. ನಾನು ಅಲ್ಲ ಅನ್ನಲಿಲ್ಲ.

ಕಾಯಿಲೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮನೆಯೊಳಕ್ಕೆ ಕರೆದು ಮಣೆ ಹಾಕಿ ಕೂರಿಸಿದಂತೆ.

ಅಕ್ಟೋಬರ್ 31

ಸೊಕ್ ಫೋನ್. ಮುಂದಿನ ತಿಂಗಳ ಕೊನೆಗೆ ಪ್ರದರ್ಶನ. ನನ್ನ ಇಡೀ ಜೀವಮಾನದ ಕೆಲಸ, ಮೂರು ಮಹಡಿ. ಮೂರನೆಯದು ಪೂರ್ತಿ ನಡುಗುವ ಗೆರೆಗಳು. ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು.

"ಗುರುಗಳೇ, ಒಂದು ಸಣ್ಣ ಆಸೆ. ಉದ್ಘಾಟನೆ ದಿನ ನೀವು ಎಲ್ಲರ ಮುಂದೆ ಒಂದು ಗೆರೆ ಎಳೀಬೇಕು."

"ನಂಗೆ ವಯಸ್ಸಾಯ್ತಪ್ಪ. ಈ ವಯಸ್ಸಲ್ಲಿ ಸರ್ಕಸ್ ಮಾಡಿಸ್ತೀಯಾ?"

"ಒಂದೇ ಒಂದು, ಗುರುಗಳೇ. ನಡುಗೋ ಗೆರೆ ಹುಟ್ಟೋದನ್ನ ಜನ ಕಣ್ಣಾರೆ ನೋಡ್ಲಿ. ಟೀವಿಯವರಿಗೂ ಹೇಳಿಬಿಟ್ಟಿದೀನಿ."

ಹೇಳಿಬಿಟ್ಟಿದ್ದಾನಂತೆ! ಅಟ್ಟ ಹತ್ತಿಸಿ ಏಣಿ ತೆಗೆಯುವುದೆಂದರೆ ಇದೇ. ಹೂಂ ಎಂದೆ. ಯಾಕೆ ಎಂದೆನೋ. ಫೋನ್ ಇಟ್ಟ ಮೇಲೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ.

ಮಾತ್ರೆ ನುಂಗಿ ಹೋದರೆ ಗೆರೆ ನೆಟ್ಟಗೆ ಬರುತ್ತದೆ. 'ನಡುಕ ಎಲ್ಲಿ ಹೋಯಿತು?' ಎಂದು ಕೇಳುತ್ತಾರೆ. ನುಂಗದೆ ಹೋದರೆ ಕುಂಚವಷ್ಟೇ ಅಲ್ಲ, ತೋಳು, ಗಲ್ಲ ಎಲ್ಲ ನಡುಗುತ್ತದೆ. ಎದುರಿಗೆ ಒಬ್ಬ ಡಾಕ್ಟರ್ ಕೂತಿದ್ದರೆ ಸಾಕು, ಮುಗಿಯಿತು ಕಥೆ. ಮೂರನೇ ಮಹಡಿಯ ಗೋಡೆಯ ಮೇಲೆ ಇರುವುದು ಚಿತ್ರಗಳಲ್ಲ, ರಿಪೋರ್ಟುಗಳು.

ನವೆಂಬರ್ 6

ಹೇ-ವೊನ್ ಕಾಲೇಜಿಗೆ ಕರೆದಿದ್ದಳು. ಬಾಂಗ್ ಹೇ-ವೊನ್, ನನ್ನ ಹತ್ತಿರ ಕಲಿತವಳು, ಈಗ ಅಲ್ಲೇ ಮೇಷ್ಟ್ರು. ಅಂಥ ಕೈ ನಾನು ಇನ್ನೊಂದು ಕಂಡಿಲ್ಲ. ನೀರಿನ ಮೇಲೆ ದಾರ ಇಟ್ಟಂಥ ಗೆರೆ ಅವಳದ್ದು. ಒಳ್ಳೆಯ ದಿನಗಳಲ್ಲಿ ನನ್ನದಕ್ಕಿಂತ ಮೇಲು. ಅವಳೆದುರು ಎಂದೂ ಹೇಳಿಲ್ಲ, ತಲೆ ತಿರುಗೀತು ಎಂದು.

ಬಾಗಿಲು ತೆಗೆದೆ. ನೆಲದ ತುಂಬ ಹುಡುಗ ಹುಡುಗಿಯರು, ಕಾಗದದ ಮೇಲೆ ಬಗ್ಗಿ, ಎಲ್ಲರೂ ಕೈ ನಡುಗಿಸುತ್ತಿದ್ದಾರೆ. ಬೇಕೆಂದು. ಹೆಬ್ಬೆರಳು ಮೊದಲು, ಆಮೇಲೆ ಮಣಿಕಟ್ಟು.

ಅಯ್ಯೋ ದೇವರೇ. ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ನಿಮ್ಮ ವಿಡಿಯೋ ನಿಧಾನ ಮಾಡಿ ನೋಡಿ ನೋಡಿ ಕಲ್ತಿದ್ದು," ಎಂದಳು ಹೇ-ವೊನ್. ಮುಖ ಅರಳಿತ್ತು. "ನಾನು ಒಂದು ವರ್ಷದಿಂದ ದಿನಾ ಮಾಡ್ತಿದೀನಿ. ನೋಡಿ ಗುರುಗಳೇ, ಬಂದಿದೆಯಾ?"

ಎಳೆದು ತೋರಿಸಿದಳು. ಬಂದಿತ್ತು. ನನ್ನದೇ ಕೈ, ನನ್ನ ಅಮ್ಮನ ಕೈ, ಮೂವತ್ತೈದು ವರ್ಷದ ಹುಡುಗಿಯ ತೋಳಿಗೆ ಅಂಟಿಕೊಂಡಿತ್ತು.

"ನಿನ್ನ ಹಳೇ ಗೆರೆ ಎಲ್ಲಿ ಹೋಯ್ತೇ?"

"ಅದನ್ಯಾರು ಕೇಳ್ತಾರೆ ಈಗ!" ಎಂದು ನಕ್ಕಳು.

ನಾನೂ ನಕ್ಕೆ. ಬೆನ್ನಿಗೆ ಬೆವರು ಇಳಿಯುತ್ತಿತ್ತು.

ನವೆಂಬರ್ 7

ಕೆಲಸ ಇಲ್ಲ. ಹಾಸಿಗೆ ಬಿಟ್ಟೇಳಲಿಲ್ಲ.

ನವೆಂಬರ್ 19

ಡಾಕ್ಟರು ಬೈದರು. ರಕ್ತ ಪರೀಕ್ಷೆ ಏನೂ ಬೇಕಾಗಲಿಲ್ಲ. ನಡೆದು ತೋರಿಸಿ ಎಂದರು, ತಿರುಗುವಾಗ ಪಾದ ನೆಲಕ್ಕೆ ಕಚ್ಚಿತು, ಅಷ್ಟೇ ಸಾಕಾಯಿತು.

"ಮಾತ್ರೆ ಸರಿಯಾಗಿ ತಗೋತಿಲ್ಲ ಅಲ್ವಾ ನೀವು?"

"ಮರೆತು ಹೋಗುತ್ತೆ."

"ಮರೆತಿಲ್ಲ ನೀವು. ಹೀಗೇ ಮಾಡಿದ್ರೆ ನಡೀತಾ ನಡೀತಾ ಎಲ್ಲಾದ್ರೂ ನಿಂತುಬಿಡ್ತೀರ. ಆಮೇಲೆ ನನ್ನ ಕೇಳ್ಬೇಡಿ."

ಒಂದು ವಾಕ್ಯ ಬರೆಸಿದರು. ಶುರುವಿನಲ್ಲಿ ಅಕ್ಷರ ಗುಂಡಗೆ ಇತ್ತು, ಕೊನೆಗೆ ಇರುವೆ ಸಾಲು. ಮನೆಗೆ ಬಂದು ಈ ದಿನಚರಿಯ ಹಳೆಯ ಹಾಳೆ ತಿರುವಿದೆ. ಮೂರು ವರ್ಷದಿಂದ ಅಕ್ಷರ ಸಣ್ಣಗಾಗುತ್ತಲೇ ಬಂದಿದೆ. ಕಣ್ಣೆದುರಿಗೇ ಇತ್ತು, ನಾನೇ ನೋಡಿರಲಿಲ್ಲ.

ನವೆಂಬರ್ 23

ತಂಗಿ ಓಕ್-ಸಿಮ್ ಮನೆಯಲ್ಲಿ ಚಳಿಗಾಲದ ಕಿಮ್ಚಿ ಹಾಕುವ ದಿನ. ಅವಳಿಗೆ ಊರೆಲ್ಲ ನೆಂಟರು. ಮೊಳಕೆಕಾಳಿನ ಸೂಪ್ ಅಂಗಡಿ ನಡೆಸಿ ನಡೆಸಿ ಇಡೀ ಜೊನ್‌ಜು ಊರೇ ಅವಳಿಗೆ ಪರಿಚಯ. ಅಂಗಳದಲ್ಲಿ ಕೋಸಿನ ಗುಡ್ಡ, ಖಾರದ ಟಬ್ಬು, ಹೆಂಗಸರ ಕಚಪಚ. ರಬ್ಬರ್ ಗ್ಲೌಸ್ ಹಾಕಿಕೊಂಡು ನಾನೂ ಕೂತೆ. ಖಾರ ಸವರುವ ಕೈಯಲ್ಲಿ ನಡುಕ ಯಾರಿಗೆ ಕಾಣುತ್ತದೆ? ಎಷ್ಟೋ ದಿನದ ಮೇಲೆ ಹಾಯೆನಿಸಿತು.

"ದೊಡ್ಡ ಕಲಾವಿದೆ ಬಂದಿದಾಳೆ, ಕೋಸಿಗೂ ಸಹಿ ಹಾಕಿಸ್ಕೊಳ್ರೇ!" ಎಂದಳು ತಂಗಿ. ಎಲ್ಲರೂ ಗೊಳ್ಳೆಂದರು.

ಆಮೇಲೆ ಊಟ. ಬೇಯಿಸಿದ ಹಂದಿ ಮಾಂಸ, ಹೊಸ ಕಿಮ್ಚಿ, ಬಿಸಿ ಸೂಪ್. ಗ್ಲೌಸ್ ಬಿಚ್ಚಿದೆ. ಚಮಚ ಬಟ್ಟಲಿಗೆ ತಾಗಿ ಟಕ ಟಕ ಟಕ ಎಂದಿತು. ಕೆಳಗಿಟ್ಟೆ. ತಡವಾಗಿತ್ತು. ಓಕ್-ಸಿಮ್ ತಲೆ ಎತ್ತಿದಳು. ಅಮ್ಮನ ಚಮಚದ ಆ ಸದ್ದು ಅವಳು ಹನ್ನೊಂದು ವರ್ಷ ದಿನವೂ ಕೇಳಿದ್ದಾಳೆ, ನಾನು ಊರಿಗೆ ಬಂದಾಗಲೆಲ್ಲ, ಅಮ್ಮ ಹೋಗುವ ತನಕ.

ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಯಾವಾಗಿಂದ?"

"ಏನೇ ಯಾವಾಗಿಂದ? ಚಳಿಗೆ ಕೈ ಮರಗಟ್ಟಿದೆ."

"ಅಕ್ಕ, ಅಮ್ಮನ ಬಾಯಿಗೆ ಅನ್ನ ಇಟ್ಟವಳು ನಾನು. ನೀನು ಸೋಲ್‌ನಲ್ಲಿ ಗೆರೆ ಎಳೀತಿದ್ದೆ. ನನ್ನ ಹತ್ರ ನಾಟಕ ಆಡ್ಬೇಡ."

ಅತ್ತುಬಿಟ್ಟೆ. ಹುಚ್ಚು ಹಿಡಿದವರ ಹಾಗೆ ಅತ್ತೆ. ಎಲ್ಲ ಹೇಳಿದೆ: ಮಾತ್ರೆ, ಸೊಕ್, ಟೀವಿ, ಹೇ-ವೊನ್.

"ಹೇಳ್ಬಿಡು. ಕಾಯಿಲೆ ಕಳ್ಳತನ ಅಲ್ಲ."

"ಹೇಳಿದ್ರೆ ಏನುಳಿಯತ್ತೆ ನಂದು? ರೋಗ ಎಳೆದ ಗೆರೆ, ಇವಳದ್ದೇನೂ ಇಲ್ಲ ಅಂತಾರೆ."

ಅವಳು ಕಣ್ಣೊರೆಸಿಕೊಳ್ಳಲು ಟವೆಲ್ ಕೊಟ್ಟಳು. "ಅಮ್ಮ ಹೊಸಿಲ ಹತ್ರ ನಿಂತುಬಿಡ್ತಿದ್ದಳಲ್ಲ, ಜ್ಞಾಪಕ ಇದೆಯಾ? ತಳ್ಳಿದ್ರೆ ಬೀಳ್ತಿದ್ದಳು. ಪಾದದ ಮುಂದೆ ಪೊರಕೆ ಅಡ್ಡ ಇಟ್ಟು 'ದಾಟಮ್ಮ' ಅಂದ್ರೆ ಮಾತ್ರ ಕಾಲು ಎತ್ತುತ್ತಿದ್ದಳು," ಎಂದಳು.

ನನಗೆ ಜ್ಞಾಪಕ ಇರಲಿಲ್ಲ. ನಾನು ಅಲ್ಲಿರಲಿಲ್ಲ.

ನವೆಂಬರ್ 29. ಸೋಲ್, ಹೋಟೆಲ್

ಮಾತ್ರೆ ಮೇಜಿನ ಮೇಲಿದೆ. ನುಂಗಲೋ ಬೇಡವೋ. ನುಂಗಲೋ ಬೇಡವೋ. ಓಕ್-ಸಿಮ್ ಅಂಗಡಿ ಮುಚ್ಚಿ ಜೊತೆಗೆ ಬಂದಿದ್ದಾಳೆ. ಪಕ್ಕದ ಮಂಚದಲ್ಲಿ ಗೊರಕೆ. ಪುಣ್ಯವಂತೆ.

ನವೆಂಬರ್ 30

ನುಂಗಲಿಲ್ಲ.

ಡಿಸೆಂಬರ್ 2

ಈಗ ಬರೆಯಬಲ್ಲೆ.

ಜನ ಗಿಜಿಗಿಜಿ. ಮುಂದಿನ ಸಾಲಿನಲ್ಲಿ ಹೇ-ವೊನ್ ಮತ್ತವಳ ಹುಡುಗರು, ಫೋನ್ ಎತ್ತಿ ಹಿಡಿದು. ಕುಂಚ ಅದ್ದಿದೆ, ಕಾಗದಕ್ಕೆ ಇಟ್ಟೆ, ಹೆಜ್ಜೆ ಹಾಕಿದೆ. ನಡುಗುತ್ತ ಬಂತು ಗೆರೆ. ಯಾರಿಗೂ ಅನುಮಾನ ಬರಲಿಲ್ಲ. ಅರ್ಧ ಕಾಗದ ದಾಟಿದೆ. ಕಾಲು ನಿಂತಿತು.

ನಾನು ನಿಲ್ಲಿಸಲಿಲ್ಲ. ಅದೇ ನಿಂತಿತು. ಎತ್ತು ಎಂದೆ, ಎತ್ತಲಿಲ್ಲ. ಪಾದಕ್ಕೆ ಮೊಳೆ ಹೊಡೆದಂತೆ. ಕುಂಚ ಕಾಗದದ ಮೇಲೇ ಇತ್ತು. ಮಸಿ ಹರಡತೊಡಗಿತು, ಮೊದಲು ಕಾಸಿನಗಲ, ಆಮೇಲೆ ತಟ್ಟೆಯಗಲ. ಸಭೆಯಲ್ಲಿ ಪಿಟಕ್ ಎನ್ನುವ ಸದ್ದಿಲ್ಲ. ಅವರು ಉಸಿರು ಬಿಗಿಹಿಡಿದು ಮೆಚ್ಚುತ್ತಿದ್ದರು! ನಾನು ಒಳಗೆ ಕಿರುಚುತ್ತಿದ್ದೆ, ಅವರು ಮೆಚ್ಚುತ್ತಿದ್ದರು. ಇಂಥ ಹೆದರಿಕೆ ನನ್ನ ಜನ್ಮದಲ್ಲಿ ಕಂಡಿಲ್ಲ. ಇಲ್ಲೇ ಕಲ್ಲಾಗಿಬಿಡುತ್ತೇನೆ, ಇವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ ಎನಿಸಿತು.

ಆಗ ಓಕ್-ಸಿಮ್ ಎದ್ದಳು. ಅಂಗಡಿಗೆ ಹಾಕಿಕೊಳ್ಳುವ ಅದೇ ಚಪ್ಪಟೆ ಷೂ, ಟಪ ಟಪ ಸದ್ದು. ಕಾವಲಿನವನು ತಡೆಯಲು ಹೋದ, ತಳ್ಳಿಕೊಂಡು ಬಂದಳು. ಕೊರಳಿನ ಕೆಂಪು ಮಫ್ಲರ್ ಬಿಚ್ಚಿ ನನ್ನ ಪಾದದ ಮುಂದೆ ಅಡ್ಡ ಹಾಸಿದಳು.

"ದಾಟಕ್ಕ," ಎಂದಳು. ಪಿಸುಮಾತಿನಲ್ಲಿ, ಅಮ್ಮನಿಗೆ ಹೇಳುವ ಹಾಗೆ.

ದಾಟಿದೆ. ಕೊನೆಯವರೆಗೂ ಹೋದೆ.

ಚಪ್ಪಾಳೆ ನಿಲ್ಲಲೇ ಇಲ್ಲ. ಸೊಕ್ ಕಣ್ಣೊರೆಸಿಕೊಂಡ. "ಆ ನಿಲುಗಡೆ, ಗುರುಗಳೇ! ಆ ಕೆಂಪು! ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದ. ತಂಗಿ ಮಫ್ಲರ್ ಸುತ್ತಿಕೊಳ್ಳುತ್ತ, "ಇವನಿಗಿರೋದು ಕಣ್ಣಾ ಅಕ್ಕ, ಗಾಜಿನ ಗೋಲೀನಾ?" ಎಂದು ಗೊಣಗಿದಳು. ಸದ್ಯ, ಅವನಿಗೆ ಕೇಳಿಸಲಿಲ್ಲ.

ಬಚಾವಾದೆ. ಯಾರಿಗೂ ಗೊತ್ತಾಗಲಿಲ್ಲ. ಆದರೂ ಹೆದರಿಕೆ ಹೋಗಿಲ್ಲ, ಯಾಕೋ ಜಾಸ್ತಿಯಾಗಿದೆ.

ಡಿಸೆಂಬರ್ 10

ಯಾಕೆ ಎಂದು ಇವತ್ತು ಗೊತ್ತಾಯಿತು. ಹೇ-ವೊನ್ ಫೋನ್.

"ಗುರುಗಳೇ, ಆ ನಿಲುಗಡೆ ಅಭ್ಯಾಸ ಮಾಡ್ತಿದೀವಿ. ಹುಡುಗರು ಎಷ್ಟು ಹೊತ್ತು ನಿಲ್ಬೇಕು ಅಂತ ಕೇಳ್ತಿದಾರೆ. ಉಸಿರು ಎಲ್ಲಿ ಹಿಡೀತೀರ?"

ಅವಳು ಮುಂದುವರಿಸಿದಳು, ನಗುತ್ತಲೇ, ಆದರೆ ಆ ನಗು ಅವಳದ್ದಲ್ಲ.

"ಒಂದು ವಿಷ್ಯ ಕೇಳ್ಲಾ? ನಿನ್ನೆ ಮಕ್ಕಳಿಗೆ ತೋರಿಸೋಣ ಅಂತ ನನ್ನ ಹಳೇ ಗೆರೆ ಎಳಿಯೋಕೆ ಹೋದೆ. ನೆಟ್ಟಗೆ ಬರ್ಲಿಲ್ಲ. ಬೆಳಗಿಂದ ಕೂತೆ, ಬರ್ಲೇ ಇಲ್ಲ. ಕೈ ಮರೆತುಬಿಟ್ಟಿದೆ ಅನ್ಸುತ್ತೆ. ಪರ್ವಾಗಿಲ್ಲ ಅಲ್ವಾ ಗುರುಗಳೇ? ನಿಮಗೂ ಹೀಗೇ ಆಗಿದ್ದಾ?"

ನಿಮಗೂ ಹೀಗೇ ಆಗಿದ್ದಾ.

"ನಾಳೆ ಬಾ," ಎಂದೆ. "ಕುಂಚ ತರ್ಬೇಡ. ಸುಮ್ನೆ ಬಾ."

ಡಿಸೆಂಬರ್ 11, ಬೆಳಿಗ್ಗೆ

ಮಾತ್ರೆ ನುಂಗಿದೆ. ಒಂದು ಗೆರೆ ಎಳೆದೆ, ನೆಟ್ಟಗೆ ಬಂತು. ಹೇ-ವೊನ್ ಬಂದಾಗ ಮೊದಲು ಕಾಣಲಿ ಎಂದು ಗೋಡೆಗೆ ಅಂಟಿಸಿದ್ದೇನೆ.

ಇದನ್ನು ಹೇಳಿದ ಮೇಲೆ ಏನಾಗುತ್ತದೋ. ಮೂರನೇ ಮಹಡಿ ಖಾಲಿ ಮಾಡಿಸುತ್ತಾರೇನೋ. ಸೊಕ್ ಫೋನ್ ಎತ್ತುವುದಿಲ್ಲವೇನೋ. ಪ್ಯೋ ಓಕ್-ರಾನ್ ಮೂರು ವರ್ಷ ಊರಿಗೆಲ್ಲ ಟೋಪಿ ಹಾಕಿದಳು ಎಂದು ಬರೆಯುತ್ತಾರೇನೋ. ಆದರೆ ಆ ಹುಡುಗಿಯ ಕೈ. ನನ್ನದು ಹೋದರೆ ಹೋಗಲಿ, ಹೋಗುವುದೇ ಇದೆ. ಅವಳದ್ದಕ್ಕೆ ಬೇರೆ ಯಾವ ರೋಗವೂ ಇಲ್ಲ, ನಾನೊಬ್ಬಳೇ ಅದಕ್ಕೆ ರೋಗ.

ಬಾಗಿಲ ಬೆಲ್ ಆಯಿತು. ಅವಳೇ. ನನ್ನ ಜೊತೆಗಿರಲು ಬಂದಿರುವ ಓಕ್-ಸಿಮ್ ಬಾಗಿಲು ತೆಗೆಯುತ್ತಿದ್ದಾಳೆ, "ಷೂ ಬಿಚ್ಚು, ಒಳಗೆ ಬಾ, ತಿಂಡಿ ಆಯ್ತಾ?" ಎನ್ನುತ್ತಿದ್ದಾಳೆ.

ಬಾಯಲ್ಲಿ ಹೇಳುವ ಮೊದಲು ಇಲ್ಲೊಮ್ಮೆ ಬರೆದು ನೋಡುತ್ತೇನೆ. ದೊಡ್ಡ ಅಕ್ಷರದಲ್ಲಿ. ಹೇ-ವೊನ್, ಕೇಳು. ಅದು ವರಸೆ ಅಲ್ಲ ಮಗಳೇ. ನನಗೆ ಪಾರ್ಕಿನ್ಸನ್ ಕಾಯಿಲೆ.