ಉಪ್ಪುನೀರಿನ ಟ್ಯಾಂಕಿಗೆ ಬಿಟ್ಟ ಹೊಸ ಮೀನು

ಶಿವು,

ಹೊಸ ನೀಲಿ ಮೀನನ್ನ ನಾನು ಹೇಳೋವರೆಗೂ ಬೇರೆ ಟಬ್ಬಲ್ಲೇ ಇಡು ಅಂತ ಬಾಯಿ ನೋಯೋ ಹಂಗೆ ಹೇಳಿದ್ದೆ. "ಒಂಟಿಯಾಗಿ ಸೊರಗ್ತದೆ ಕಣಕ್ಕ" ಅಂತ ನಾನಿಲ್ಲದಾಗ ದೊಡ್ಡ ಟ್ಯಾಂಕಿಗೆ ಬುಟ್ಯಲ್ಲ, ಈಗ ನೋಡು. ಅದರ ರೋಗ ಎಲ್ಲಕ್ಕೂ ಅಂಟಿ ಮೈತುಂಬ ಬಿಳಿ ಚುಕ್ಕೆ ಎದ್ದವೆ. ಕಿತ್ತಳೆ ಜೋಡೀಲಿ ಗಂಡು ಬೆಳಿಗ್ಗೆ ಸತ್ತೋಯ್ತು. ಹಿತ್ತಲಲ್ಲಿ ಹೂತಿದೀನಿ.

ಉಳಿದವನ್ನೆಲ್ಲ ಟಬ್ಬಿಗೆ ಹಾಕಿ ಔಷಧಿ ಬೆರೆಸಿದೀನಿ. ಆ ಔಷಧಿ ದೊಡ್ಡ ಟ್ಯಾಂಕಿಗೆ ಬಿದ್ದರೆ ಅಲ್ಲಿರೋ ಹವಳದ ಜೀವಗಳೂ ಸಾಯ್ತವೆ, ಮುಟ್ಟಬೇಡ. ಟಬ್ಬಿನ ಬಲೇನ ಅಲ್ಲಿ ಅದ್ದಬೇಡ. ಅವ್ವ ಕೇಳಿದ್ರೆ ನೀರಿನ ಮೇಲೆ ತಪ್ಪು ಹಾಕಬೇಡ ಕಣ್ಲಾ, ನಾನೇ ಮಾಡಿದ್ದು ಅಂತ ಬಾಯಿಬಿಟ್ಟು ಹೇಳು.

ಮದ್ದೂರಿಗೆ ಡ್ಯೂಟಿಗೆ ಹೊರಟೆ. ಹೆಣ್ಣು ಮೀನು ಮೂಲೆ ಹಿಡ್ಕಂಡದೆ, ಏನೂ ತಿಂತಿಲ್ಲ. ಒಂದು ಕಾಳಾದರೂ ತಿಂದ್ರೆ ಫೋನ್ ಮಾಡು. ಸಾರಿ ಕೇಳೋಕೆ ಮಾಡಬೇಡ.

ಅಕ್ಕ