ಫೋಟೋದಲ್ಲಿ ಕಾಣದ ನೋವು

ಪಿರಿಯಾಪಟ್ಟಣ
೧೪-೩-೧೯೫೩

ಚಿ. ಸೌ. ನೀಲಾಂಬಿಕೆಗೆ,

ನಿನ್ನ ಗಂಡ ಷಣ್ಮುಖಪ್ಪ ಬರೆಯುವುದು. ನೀನು ಹನಗೋಡಿನ ತವರಿಗೆ ಹೋಗಿ ನಾಲ್ಕು ತಿಂಗಳಾಯಿತು. ಹೊಟ್ಟೆನೋವು ಹೇಗಿದೆ ಎಂದು ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಮೊನ್ನೆ ಹುಣಸೂರಿನ ಡಾಕ್ಟರ್ ನೀಲಕಂಠಸ್ವಾಮಿಗಳ ಹತ್ತಿರ ಹೋಗಿದ್ದೆ. ಮೈಸೂರಿನಲ್ಲಿ ನಿನಗೆ ಸುಣ್ಣದ ನೀರಿನಂಥ ಔಷಧಿ ಕುಡಿಸಿ ತೆಗೆದ ಹೊಟ್ಟೆಯ ಎಕ್ಸ್‌ರೇ ಫೋಟೋ ಅವರ ಮುಂದಿಟ್ಟು, 'ಇವ್ಳಿಗೆ ಕಾಯಿಲೆ ಇಲ್ಲ ಅಂತ ಒಂದು ಚೀಟಿ ಬರ್ಕೊಡಿ, ಹಿರಿಯರಿಗೆ ತೋರಿಸ್ಬೇಕು' ಅಂದೆ. ಅವರು ಬರೆಯಲಿಲ್ಲ. 'ಹುಣ್ಣಿಲ್ಲ, ಗಡ್ಡೆ ಇಲ್ಲ, ಸರಿ. ನೋವೂ ಇಲ್ಲ ಅಂತ ಯಾರು ಹೇಳಿದ್ರು ಕಣಪ್ಪ? ಕರುಳು ನೋಡೋಕೆ ಚೆನ್ನಾಗೇ ಇರ್ತದೆ, ಕೆಲ್ಸ ಮಾಡೋ ರೀತಿ ತಪ್ಪಿರ್ತದೆ. ಅದು ಫೋಟೋದಲ್ಲಿ ಕಾಣಲ್ಲ. ಯಾವಾಗ ಶುರುವಾಯ್ತು?' ಎಂದರು.

ನಮ್ಮ ಶಿವಲೀಲೆ ಜ್ವರದಲ್ಲಿ ಹೋದ ಮೇಲೆ ಎಂದೆ. ಮೂರು ವರ್ಷದ ಮಗು ಎಂದೆ.

'ತಾಯಿ ಅತ್ತಳಾ?'

ಅಳಲು ನಾನು ಬಿಡಲಿಲ್ಲ ಎಂದೆ. ಮಣ್ಣು ಮಾಡಿ ಬಂದ ಮೂರನೇ ದಿನವೇ, ಅಂಗಡಿಗೆ ಬರುವವರಿಗೆ ಕೇಳಿಸುತ್ತದೆ, ಸಾಕು ಮಾಡು ಎಂದು ನಿನ್ನ ಬಾಯಿ ಮುಚ್ಚಿಸಿದವನು ನಾನು. ದುಃಖವೊಂದೇ ಕಾರಣ ಎಂದು ಹೇಳಲಾಗದು, ಆದರೆ ಅದುಮಿಟ್ಟ ದುಃಖ ಇಂಥ ನೋವನ್ನು ಹೆಚ್ಚಿಸುತ್ತದೆ ಎಂದರು ಡಾಕ್ಟರು. 'ಔಷಧಿ ಆಮೇಲೆ. ಮೊದ್ಲು ಅವಳ ಮಾತು ನಂಬಪ್ಪ.'

ಉಂಡ ಮೇಲೆ ನೀನು ರುಬ್ಬುವ ಕಲ್ಲಿಗೆ ಹೊಟ್ಟೆ ಒತ್ತಿಕೊಂಡು ಕೂರುತ್ತಿದ್ದೆ. 'ಕೆಲ್ಸ ಕಂಡ್ರೆ ನೋವು ಬತ್ತದೆ ಕಣ ಇವ್ಳಿಗೆ' ಅನ್ನುತ್ತಿದ್ದಳು ಅವ್ವ. ಮೈಸೂರಿನಿಂದ ಬಂದ ದಿನ ನಾನೂ 'ನಾಟ್ಕ ಸಾಕು ಬುಡು' ಎಂದುಬಿಟ್ಟೆ. ಅಂದಿನಿಂದ ನೀನು ನೋವು ಎನ್ನಲೇ ಇಲ್ಲ. ವಾಸಿಯಾಯಿತು ಎಂದುಕೊಂಡೆ. ತವರಿಗೆ ಹೊರಟ ದಿನ ನೀನು ಬಾಗಿಲಲ್ಲಿ ನಿಂತು, 'ನಂಬದಿದ್ರೆ ಬ್ಯಾಡ, ನಗಬ್ಯಾಡಿ ಅಷ್ಟೆ' ಎಂದೆ. ಆಗಲೂ ನಾನು ನಕ್ಕೆ.

ನಿನ್ನೆ ಊಟಕ್ಕೆ ಕೂತಾಗ ಶಿವಲೀಲೆಯ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಅವ್ವ ಎದ್ದು ಹಿತ್ತಲಿಗೆ ಹೋದಳು.

ಬಾ ಎಂದು ಕರೆಯಲಾರೆ. ನಿನ್ನ ನೋವು ನಿಜ. ಇಷ್ಟನ್ನು ನನ್ನ ಕೈಯಾರೆ ಬರೆದು ಕೊಡಬೇಕಾಗಿತ್ತು.

ನಿನ್ನ ತಪ್ಪಿತಸ್ಥ,
ಷಣ್ಮುಖಪ್ಪ

ಮತ್ತೆ ಬರೆದದ್ದು: ಇದು ಮರೆತದ್ದಲ್ಲ, ಬರೆಯಲು ಹೆದರಿದ್ದು. ಬೆಟ್ಟದಪುರದಲ್ಲಿ ಅವ್ವ ನನಗೆ ಇನ್ನೊಂದು ಹೆಣ್ಣು ಗೊತ್ತು ಮಾಡಿದ್ದಾಳೆ. ಹೋದ ತಿಂಗಳು ವೀಳ್ಯಶಾಸ್ತ್ರವಾಯಿತು; ನಾನೂ ಹೋಗಿದ್ದೆ. ನಿನ್ನದು ನಾಟಕವೆಂದು ಹಿರಿಯರನ್ನು ಒಪ್ಪಿಸಲೆಂದೇ ಡಾಕ್ಟರ ಚೀಟಿ ಕೇಳಿದ್ದು. ಬೇಡವೆನ್ನಲು ಇವತ್ತಿನವರೆಗೂ ನನಗೆ ಬಾಯಿ ಬಂದಿಲ್ಲ.